ನೋಡಿದ್ದನ್ನೇ ನೋಡಿದ ಎರಡು ದಿನ

ಸುಮಾ, ನಿನ್ನ ಇಂಟರ್ನೆಟ್ಟನ್ನು ಕಂಪನಿಯವರು ನುಂಗಿರಲಿಲ್ಲ. ಮುಗಿಸಿದವನು ನಾನು. ನಾನೇ — ಗುಂಡ್ಲುಪೇಟೆಯಲ್ಲಿ ನಿಮ್ಮ ಪಕ್ಕದ ಅಂಗಡಿಯಲ್ಲಿ ಹಾಸಿಗೆ ಹೊಲಿಯುವ ಮುದುಕ.

ಬ್ಯಾಂಕ್ ಕೆಲಸದ ಅರ್ಜಿಗೆ ಅದು ನಿನ್ನ ಕಡೆಯ ವರ್ಷ. ಮುಂದಿನ ಸಲಕ್ಕೆ ವಯಸ್ಸು ಮೀರುತ್ತಿತ್ತು. ನಿಮ್ಮ ಮನೆಯೊಳಗೆ ಸಿಗ್ನಲ್ ಬಾರದೆಂದು, ಗೆಳತಿಯಿಂದ ತಂದ ಲ್ಯಾಪ್‌ಟಾಪನ್ನೂ ನಿನ್ನ ಡಾಟಾ ಕಾರ್ಡನ್ನೂ ನೀನು ನನ್ನ ಅಂಗಡಿಯ ಕಿಟಕಿಯಲ್ಲಿಟ್ಟಿದ್ದೆ. ಸರ್ಟಿಫಿಕೇಟು ತರಲು ಹರದನಹಳ್ಳಿಗೆ ಹೊರಟವಳು, ದುಬೈನಿಂದ ನನ್ನ ಮಗಳು ಕಳಿಸಿದ್ದ ವಿಡಿಯೋ ತೆರೆದುಕೊಟ್ಟೆ. "ಒಂದ್ಸಲ ನೋಡಿ ಮುಚ್ಬುಡಿ ತಾತ. ಲಿಮಿಟ್ ಇದ್ರೂ ಇರ್ಬೋದು" ಎಂದೆ.

ನನ್ನ ಮೊಮ್ಮಗ ಮೊದಲ ಸಲ ನಡೆದದ್ದು! ಮೂರು ಹೆಜ್ಜೆ, ದೊಪ್ಪನೆ ಬೀಳುವುದು, ಬಿದ್ದು ನಗುವುದು — ಸುಮಾ, ಈಗ ಬರೆಯುವಾಗಲೂ ನನ್ನ ಮುಖ ಅರಳುತ್ತಿದೆ, ಅದಕ್ಕೂ ನಾಚಿಕೆಯಾಗುತ್ತಿದೆ. ನಾನು ಓದಿದ್ದು ನಾಲ್ಕನೇ ಕ್ಲಾಸು. ಹಳೇ ಹಾಸಿಗೆಯ ಹತ್ತಿಯನ್ನು ಬಿಚ್ಚಿ ಎಷ್ಟು ಸಲ ಹಿಂಜಿದರೂ ಹತ್ತಿ ಅದೇ ತಾನೇ? ಹೊಸದು ನೋಡಿದರೆ ಖರ್ಚು, ನೋಡಿದ್ದನ್ನೇ ನೋಡಿದರೆ ಎಲ್ಲಿಯ ಖರ್ಚು ಎಂದುಕೊಂಡೆ. ಎರಡು ದಿನ ಅದನ್ನೇ ಹಾಕಿದೆ. ಜುಮ್ಮಾ ನಮಾಜು ಮುಗಿಸಿ ಬಂದವರನ್ನೆಲ್ಲ ಕರೆದು ಕೂರಿಸಿದೆ. "ಮೂಗು ನಿಮ್ದೇ ಸಾಬ್ರೆ, ಪಾಪ ಕೂಸು!" ಎಂದು ನಕ್ಕರು. "ಇನ್ನೊಂದ್ಸಲ ಆಕಿ, ಬೀಳೋದ್ ನೋಡನ" ಎಂದರು. ಹಾಕಿದೆ.

ನೀನು ಮರಳಿದ ದಿನವೇ ಅರ್ಜಿಗೆ ಕೊನೆಯ ದಿನ. ಪರದೆ ಬೆಳ್ಳಗೆ ನಿಂತಿತು. ಫೋಟೋ ಏರಲೇ ಇಲ್ಲ. ನೀನು ಡಾಟಾ ಕಾರ್ಡು ಕಿತ್ತುಕೊಂಡು ಎದುರಿನ ಮೊಬೈಲ್ ಅಂಗಡಿಯ ರವಿಯ ಮುಂದೆ ನಿಂತೆ. ನಾನೂ ಹಿಂದೆ ಬಂದೆ.

"ಅನ್‌ಲಿಮಿಟೆಡ್ ಅಂತ ಬೋರ್ಡ್ ಆಕಿರೋದು ಯಾರ್ ಕಣ್ಣಿಗೆ ಮಣ್ಣೆರಚಕ್ಕೆ ಅಣ್ಣ?"

"ಅನ್‌ಲಿಮಿಟೆಡ್ಡೇ ಕಣಮ್ಮಿ. ಕಂಪನಿಯೋರು ಯೋಳಿದ್ ಮಟ್ಟ ದಾಟುದ್ರೆ ನಿಧಾನ ಆಯ್ತದೆ, ನಿಲ್ಲಕ್ಕಿಲ್ಲ. ಈ ಬೀದಿಗ್ ಇರೋದು ಒಂದ್ ಟವರ್ರು. ಒಬ್ರೇ ಎಲ್ಲಾನೂ ಈರ್ಕೊಂಡ್ರೆ ಮಿಕ್ಕೋರ್ ಏನ್ ಮಾಡ್ಬೇಕು?"

"ಅಂಗಾರೆ ಆ ಮಟ್ಟನೂ ಬೋರ್ಡ್ ಮೇಲೆ ಬರೀರಿ! ಆಮೆ ತರ ತೆವಳೋದ್ನ ಯಾರಾದ್ರೂ ನೆಟ್ ಅಂತಾರಾ?"

ನಿಂತವರಲ್ಲಿ ಅರ್ಧ ಜನ ನಿನ್ನ ಕಡೆ, ಅರ್ಧ ಅವನ ಕಡೆ. ನನ್ನ ಅಂಗಡಿಯಲ್ಲಿ ವಿಡಿಯೋ ನೋಡಿದವರು ಅವರಲ್ಲಿ ಒಬ್ಬರೂ ಇರಲಿಲ್ಲ. ಇಬ್ಬರದೂ ಸರಿ ಎಂದೇ ನನಗೆ ಇವತ್ತಿಗೂ ಅನ್ನಿಸುತ್ತದೆ. ಆದರೆ ಆ ವಾದದಲ್ಲಿ ಒಬ್ಬ ಮೂರನೆಯವನಿದ್ದ — ಬಾಯಿ ಮುಚ್ಚಿಕೊಂಡು.

"ಯಾರೋ ವಿಡಿಯೋ ನೋಡವ್ರೆ. ನೋಡಿದ್ನೇ ಇನ್ನೊಂದ್ಸಲ ನೋಡುದ್ರೂ ಖರ್ಚೇಯ" ಎಂದ ರವಿ.

ನೀನು ನನ್ನ ಕಡೆ ತಿರುಗಿದೆ. "ತಾತ, ಯಾರಾದ್ರೂ ಮುಟ್ಟಿದ್ರಾ?"

"ಇಲ್ಲ ಕಣವ್ವ. ಯಾರೂ ಮುಟ್ಟಿಲ್ಲ."

ಅಷ್ಟೇ. ಆಗಲೇ ಒಪ್ಪಿಕೊಂಡಿದ್ದರೆ ಬೀದಿಯವರೇ ಯಾರದಾದರೂ ಕಾರ್ಡು ಕೇಳಿ ತಂದುಕೊಡುತ್ತಿದ್ದರೇನೋ... ನೀನು ರವಿಯ ಜೊತೆ ಇನ್ನೂ ಒಂದು ಗಂಟೆ ಜಗಳವಾಡಿದೆ, ನನ್ನ ಮಾತನ್ನು ನಂಬಿಕೊಂಡು. ಆಮೇಲೆ, ನಮ್ಮೂರಿನ ಸೈಬರ್ ಸೆಂಟರ್ ಮುಚ್ಚಿದ್ದರಿಂದ, ಚಾಮರಾಜನಗರದ ಬಸ್ ಹಿಡಿದೆ. ಅಲ್ಲಿನ ಸೈಬರ್ ಸೆಂಟರ್ ಮುಟ್ಟುವಷ್ಟರಲ್ಲಿ ಅರ್ಜಿಯ ಹೊತ್ತು ಮುಗಿದಿತ್ತು.

ನಾಲ್ಕು ಜನ ಹತ್ತಿ ವ್ಯಾಪಾರಿಗಳ ಮುಂದೆ ಒಮ್ಮೆಯೂ ಸುಳ್ಳಾಡಿದವನಲ್ಲ ನಾನು. ನಿನ್ನ ಮುಂದೆ ಆಡಿದೆ. ಮೊಮ್ಮಗನ ಹೆಸರಿಗೆ ಕೆಟ್ಟದ್ದು ಅಂಟೀತು ಎಂದು ಹೆದರಿದೆ ಎನ್ನಲೇ? — ಇಲ್ಲ, ಅದೂ ನೆಪವೇ. ಬೀದಿಯಲ್ಲಿ ನನ್ನ ಮುಖ ಉಳಿಯಬೇಕಿತ್ತು.

ರವಿಯನ್ನು ಜನ ಬಹಳ ದಿನ ಮೋಸಗಾರ ಎಂದರು. ನೀನೀಗ ಸಂತೆಮರಹಳ್ಳಿಯ ಸಣ್ಣ ಶಾಲೆಯಲ್ಲಿ ಪಾಠ ಹೇಳುತ್ತೀಯೆ. ರಂಜಾನಿಗೆ ತಪ್ಪದೆ ಫೋನ್ ಮಾಡುತ್ತೀಯೆ. ಪ್ರತಿ ಸಲವೂ ಹೇಳಬೇಕೆಂದು ಬಾಯಿ ತೆರೆಯುತ್ತೇನೆ, ಮೊಮ್ಮಗನ ಸುದ್ದಿ ಹೇಳಿ ಇಟ್ಟುಬಿಡುತ್ತೇನೆ.

ನಾಳೆ ಮೊದಲು ರವಿಯ ಅಂಗಡಿಗೆ ಹೋಗಿ, ಜನ ಇರುವಾಗಲೇ ಹೇಳುತ್ತೇನೆ. ಅಲ್ಲಿಂದ ನಿನ್ನ ಊರಿನ ಬಸ್ಸು. ಈ ಕಾಗದವನ್ನು ಕೈಗೆ ಕೊಟ್ಟು ಬಾಗಿಲ ಹೊರಗೇ ನಿಲ್ಲುತ್ತೇನೆ. ಓದಿ ಒಳಗೆ ಕರೆಯದಿದ್ದರೆ ಮುಂದಿನ ಬಸ್ಸಿಗೆ ಹೊರಡುತ್ತೇನೆ.