ಟೋಪಿಯ ಗೂಟಕ್ಕೆ ತೂಗುವ ಮದ್ದು

ಇನ್ನೂ ಬೆಳಕು ಹರಿದಿಲ್ಲ. ಹಾಲು ಕರೆದು ಒಳಬಂದ ಇರ್ವಿನ್ ನೋಲ್ಟ್ ತನ್ನ ಹುಲ್ಲಿನ ಟೋಪಿಯನ್ನು ಗೂಟಕ್ಕೆ ಹಾಕದೆ ಬೆಂಚಿನ ಮೇಲಿಡುತ್ತಾನೆ. ಇವತ್ತು ಆ ಗೂಟ ನರ್ಸ್ ವಿಲ್ಮಾ ಕ್ರೀಡರ್‌ಳದು. ಆಕೆ ಅದಕ್ಕೆ ಮದ್ದಿನ ಚೀಲ ತೂಗುಹಾಕಿ, ದೀಪವನ್ನು ಹತ್ತಿರಕ್ಕೆಳೆದು, ಏಳು ವರ್ಷದ ಲೆನಾಳ ಕೈಯಲ್ಲಿ ನರ ಹುಡುಕುತ್ತಾಳೆ.

"ಚುಚ್ಚೋದಕ್ಕೆ ಮೊದ್ಲು ಹೇಳು, ವಿಲ್ಮಾ."

"ಹೇಳಿದ್ರೆ ಓಡಿಹೋಗ್ತೀಯ."

"ಓಡೋ ಕಾಲು ಕೊಟ್ಟೋಳು ನೀನೇ ಅಲ್ವಾ?"

ಅಡುಗೆಮನೆಯಲ್ಲಿ ನಗು. ತಾಯಿ ಎಲ್ವಾ ದೊಡ್ಡ ಲೋಟದ ತುಂಬ ಹಾಲು ತಂದಿಡುತ್ತಾಳೆ. ಈ ಮದ್ದು ರಕ್ತದಲ್ಲಿನ ಸುಣ್ಣದಂಶವನ್ನು ಇಳಿಸುತ್ತದೆ, ಹಾಲು ಕುಡಿಯಲೇಬೇಕು. "ಹಸು ಕಟ್ಟಿದ ಮನೇಲಿ ಹುಟ್ಟಿ ಹಾಲಂದ್ರೆ ಮುಖ ಸಿಂಡರಿಸ್ತಾಳೆ," ಎಂದು ಗೊಣಗುತ್ತಾಳೆ.

ಪೆನ್ಸಿಲ್ವೇನಿಯಾದ ನಮ್ಮ ಕಣಿವೆಯಲ್ಲಿ ಕುದುರೆಗಾಡಿಯಲ್ಲೇ ಓಡಾಡುವ ಮೆನ್ನೊನೈಟ್ ಕ್ರೈಸ್ತರ ಕೆಲವು ಮನೆತನಗಳಿಗೆ ಈ ಕಾಯಿಲೆ ಅಂಟಿಕೊಂಡಿದೆ. ತಂದೆ ತಾಯಿ ಇಬ್ಬರ ರಕ್ತದಲ್ಲೂ ಅಡಗಿದ್ದು, ಯಾವುದೋ ಒಂದು ಮಗುವಿನಲ್ಲಿ ಎದ್ದುಬರುತ್ತದೆ. ಹುಟ್ಟಿದಾಗಲೇ ಕಣ್ಣಿಲ್ಲ. ಮೂಳೆಯೋ, ಒಣಗಿದ ಕಡ್ಡಿ. ಸವೆದ ಮೂಳೆಯ ಮುದುಕಿಯರಿಗೆಂದು ಬಂದ ಮದ್ದನ್ನು ಈ ಮಕ್ಕಳ ನರಕ್ಕೆ ಹನಿಹನಿಯಾಗಿ ಇಳಿಸುತ್ತಾರೆ. ಅದು ಕಣ್ಣು ಕೊಡುವುದಿಲ್ಲ. ಮೂಳೆ ಕರಗುವುದನ್ನು ತಡೆಯುತ್ತದೆ. ಎರಡು ವರ್ಷದ ಹಿಂದೆ ಲೆನಾ ದಿಂಬುಗಳ ನಡುವೆ ಮಲಗಿಯೇ ಇರುತ್ತಿದ್ದಳು.

ಐವತ್ತೆಂಟರ ವಿಲ್ಮಾ ಈ ಪಂಗಡದವಳಲ್ಲ. ಪ್ಯಾಂಟು ತೊಡುತ್ತಾಳೆ, ಕಾರು ಓಡಿಸುತ್ತಾಳೆ, ಬಾಯಿ ಬಿಟ್ಟರೆ ಬೈಗುಳ. ಇವರ ಮಾತಿನಲ್ಲಿ ಅವಳು 'ಇಂಗ್ಲಿಷಿನವಳು', ಅಂದರೆ ಹೊರಗಿನವಳು. ಈ ಕಾಯಿಲೆಯ ಒಂಬತ್ತು ಮಕ್ಕಳ ಮನೆಗಳಿಗೆ ನಗರದ ಆಸ್ಪತ್ರೆಯಿಂದ ಮೂರು ತಿಂಗಳಿಗೊಮ್ಮೆ ಮದ್ದು ಹೊತ್ತು ತರುವವಳು ಅವಳೊಬ್ಬಳೇ. ಯಾಕೆಂದರೆ ಇಂಥ ಮಗುವಿಗೆ ದಾರಿಯೇ ಶತ್ರು. ಎತ್ತುವುದು, ಇಳಿಸುವುದು, ಒಂದು ಕುಲುಕು, ಅಷ್ಟು ಸಾಕು.

ಕಳೆದ ವರ್ಷ ವಿಲ್ಮಾ ಜ್ವರದಿಂದ ಮಲಗಿದಾಗ ಲೆನಾಳನ್ನು ಬಾಡಿಗೆ ವ್ಯಾನಿನಲ್ಲಿ ನಗರದ ಆಸ್ಪತ್ರೆಗೆ ಒಯ್ದರು. ಬಾಗಿಲಲ್ಲಿ ಇಳಿಸಿಕೊಳ್ಳುವಾಗ ಎಲ್ವಾಳ ತೋಳಿನಲ್ಲೇ ಮಗಳ ತೊಡೆಮೂಳೆ ಮುರಿಯಿತು.

"ಯಾರು ಮುರಿದದ್ದು?" ತುರ್ತು ಚಿಕಿತ್ಸೆಯ ಕೋಣೆಯಲ್ಲಿ ಕೇಳಿದರು.

"ನಾನೇ," ಎಂದಳು ಎಲ್ವಾ. "ನನ್ನ ಕೈಲೇ ಮುರೀತು."

ಕೇಳಿದ್ದಕ್ಕೆ ಕಂಡದ್ದನ್ನು ಹೇಳುವುದು ಈ ಜನದ ರೂಢಿ. ಆ ಮಹಾಶಯರಿಗೆ ಅದು ತಪ್ಪೊಪ್ಪಿಗೆ! ಮದ್ದು ಕೊಡುತ್ತಿದ್ದದ್ದು ಅದೇ ಆಸ್ಪತ್ರೆ, ಕಾಯಿಲೆ ಗುರುತಿಸಿದ್ದೂ ಅದೇ ಆಸ್ಪತ್ರೆ. ಎರಡು ಮಹಡಿ ಹತ್ತಿ ವಿಚಾರಿಸುವಷ್ಟು ವ್ಯವಧಾನ ಒಬ್ಬರಿಗೂ ಇರಲಿಲ್ಲ. ತಾಯಿ ಹೊಡೆದಳೆಂದು ತೀರ್ಮಾನಿಸಿ, ಮಕ್ಕಳ ರಕ್ಷಣೆಯ ಅಧಿಕಾರಿಗಳನ್ನು ಕರೆಸಿ, ಕಾಲಿಗೆ ಪಟ್ಟಿ ಹಾಕಿದ ಕುರುಡು ಮಗುವನ್ನು ಗೊತ್ತಿಲ್ಲದ ದನಿಗಳ ಮನೆಗೆ ಒಪ್ಪಿಸಿದರು. ಒಂದು ಮಗುವಿನ ಲೋಕವನ್ನೇ ಕಿತ್ತುಕೊಳ್ಳಲು ಇನ್ನೇನು ಬೇಕು? ಮೆನ್ನೊನೈಟರು ಕೋರ್ಟಿಗೆ ಹೋಗುವುದಿಲ್ಲ, ದನಿ ಎತ್ತುವುದಿಲ್ಲ. ತುಳಿಯುವವರಿಗೆ ಅದು ಚೆನ್ನಾಗಿ ಗೊತ್ತು.

ದನಿ ಎತ್ತಿದವಳು ವಿಲ್ಮಾ. ಜ್ವರದಲ್ಲೇ ಎದ್ದು ಆಸ್ಪತ್ರೆಗೆ ಹೋದಳು. "ಅಲ್ಲಿ ನಾನಾಡಿದ ಮಾತು ನೀವು ಅಚ್ಚು ಹಾಕೋ ಹಾಗಿಲ್ಲ," ಎಂದು ಪತ್ರಿಕೆಗೆ ಬರೆದುಕೊಳ್ಳುತ್ತಿರುವ ನನಗೆ ಹೇಳುತ್ತಾಳೆ. ವಾರ ಕಳೆದು ಲೆನಾ ಮನೆಗೆ ಬಂದಳು. ಕ್ಷಮೆ? ಇವತ್ತಿನವರೆಗೂ ಯಾರೂ ಕೇಳಿಲ್ಲ.

ಈಗ ಅದೇ ಆಸ್ಪತ್ರೆ ಹೊಸ ಅಪ್ಪಣೆ ಹೊರಡಿಸಿದೆ: ಬೆರಳೆಣಿಕೆಯ ಮಕ್ಕಳಿಗಾಗಿ ನರ್ಸನ್ನು ಅಲೆಸಲಾಗದು, ಮುಂದಿನ ಸರದಿಯಿಂದ ಎಲ್ಲರೂ ನಗರಕ್ಕೇ ಬರತಕ್ಕದ್ದು. ಬೆರಳೆಣಿಕೆಯಂತೆ! ಮುರಿದ ಮೂಳೆಗಳನ್ನೂ ಎಣಿಸುತ್ತಾರೆಯೇ ಇವರು?

"ದಾರೀಲಿ ಮತ್ತೆ ಮುರಿದು, ಮತ್ತೆ ಕೇಳಿದ್ರೆ ಏನು ಹೇಳ್ಲಿ?" ಎಲ್ವಾ ಸಣ್ಣದಾಗಿ ಕೇಳುತ್ತಾಳೆ.

"ನಾನಲ್ಲ ಅನ್ನು," ಎನ್ನುತ್ತಾಳೆ ವಿಲ್ಮಾ.

"ನನ್ನ ಕೈಲೇ ಮುರಿದಿದ್ರೆ?"

ಚೀಲದಿಂದ ಹನಿ ಬೀಳುತ್ತಲೇ ಇದೆ. "ಹಾಗಾದ್ರೆ ಬಾಯೇ ಬಿಡ್ಬೇಡ ಮಾರಾಯ್ತಿ. ಮನೇಲೇ ಕೊಡ್ತೀನಿ ಅಂತ ನಾಳೆ ಮತ್ತೆ ಹೋಗಿ ಜಗಳ ಆಡ್ತೀನಿ. ಒಪ್ಪದೇ ಹೋದ್ರೆ ವ್ಯಾನಲ್ಲಿ ನಿನ್ನ ಪಕ್ಕ ನಾನಿರ್ತೀನಿ. ಕೇಳೋರು ನನ್ನ ಕೇಳ್ಲಿ."

"ನಿನ್ನ ಕೆಲಸ ಹೋಗುತ್ತಲ್ಲೇ?"

"ಹೋಗ್ಲಿ ಬಿಡು. ನಿಮ್ಮನೇಲಿ ಹಾಲು ಕರೀತೀನಿ."

"ಬೇಡಮ್ಮ," ಇರ್ವಿನ್ ಮೂಲೆಯಿಂದ ಹೇಳುತ್ತಾನೆ. "ನಮ್ಮ ಹಸುಗಳು ಬೈಗುಳ ಕೇಳಿ ಬೆಳೆದವಲ್ಲ."

ಹೊತ್ತೇರಿದಾಗ ಚೀಲ ಬರಿದಾಗುತ್ತದೆ. ವಿಲ್ಮಾ ಸೂಜಿ ತೆಗೆದು, ಚೀಲವನ್ನು ಗೂಟದಿಂದ ಇಳಿಸುತ್ತಾಳೆ. ಲೆನಾ ಬೆಂಚಿನಿಂದ ಕೆಳಗಿಳಿದು, ತಡಕಾಡಿ ಅಪ್ಪನ ಟೋಪಿಯನ್ನು ಹಿಡಿಯುತ್ತಾಳೆ. ಗೋಡೆಗೆ ಅಂಗೈ ಊರಿ, ತುದಿಗಾಲಲ್ಲಿ ನಿಂತು, ಅದನ್ನು ಗೂಟಕ್ಕೆ ಸಿಕ್ಕಿಸುತ್ತಾಳೆ. ಯಾರೂ ಕೈ ಚಾಚುವುದಿಲ್ಲ.

ವಿಲ್ಮಾ ಕಣ್ಣೊರೆಸಿಕೊಳ್ಳದೆ ತನ್ನ ಪೆಟ್ಟಿಗೆ ಮುಚ್ಚುತ್ತಾಳೆ. ನಿಮಗೇನು ಬೇಕು ಎಂದು ಕೇಳಿದರೆ ರೇಗುತ್ತಾಳೆ.

"ನನಗೇನ್ರೀ ಬೇಕು? ಮೂರು ತಿಂಗಳು ಕಳೆದ್ಮೇಲೆ ಇರ್ವಿನ್ ಟೋಪಿ ಮತ್ತೆ ಬೆಂಚಿನ ಮೇಲಿರ್ಬೇಕು. ಅಷ್ಟೇ."