ಗೋಡೆ ದಾಟಿದ ಹೀರೆಬಳ್ಳಿ

ಬಾಗಿಲು ತೆರೆದರೆ ಪಕ್ಕದ ಫ್ಲಾಟಿನ ಅಜ್ಜಿ, ಕೈಯಲ್ಲಿ ನನ್ನದೇ ತುಪ್ಪದ ಹೀರೆಕಾಯಿ! ನುಂಗಂಬಾಕ್ಕಂನ ನಮ್ಮ ಬಾಲ್ಕನಿಯ ಕುಂಡದಲ್ಲಿ ಬೀಜ ಹಾಕಿ ಬೆಳೆಸಿದ ಬಳ್ಳಿ, ಗೋಡೆ ದಾಟಿ ಅವರ ಕಡೆ ಕಾಯಿ ಬಿಟ್ಟಿತ್ತು.

“ದಿನಾ ಕಾಲೈಲ ಯಾರ್‌ಕಿಟ್ಟೆ ಪೇಸುರೀಂಗ?” ಎಂದು ತಮಿಳಿನಲ್ಲಿ ಕೇಳಿದರು. ದಿನಾ ಬೆಳಿಗ್ಗೆ ಯಾರ ಹತ್ತಿರ ಮಾತಾಡುತ್ತೀರಿ ಎಂದು.

ಒಬ್ಬಳೇ ಇರುವ ನಾನು ನಾಚಿಕೊಂಡು ಬಳ್ಳಿಯನ್ನು ತೋರಿಸಿದೆ. ಅಜ್ಜಿ ನಗಲಿಲ್ಲ. ಅವರ ಮನೆಯಲ್ಲಿ ಬೇರೆ ದನಿಯೇ ಇಲ್ಲವಂತೆ. ಕನ್ನಡ ಬಾರದಿದ್ದರೂ, ನನ್ನ ಮಾತು ಕೇಳಲೆಂದೇ ಕಾಫಿ ಹಿಡಿದು ಗೋಡೆ ಪಕ್ಕ ಕೂರುತ್ತಾರಂತೆ.

ಈಗ ಬಳ್ಳಿ ಒಣಗಿಹೋಗಿದೆ. ಆದರೂ ಬೆಳಿಗ್ಗೆ ಬರೀ ಕುಂಡದ ಮುಂದೆ ನಿಂತು, “ಇವತ್ತು ಏನು ಸಾರು ಮಾಡ್ಲಿ, ಹೇಳೇ” ಎನ್ನುತ್ತೇನೆ, ಮೊದಲಿಗಿಂತ ಸ್ವಲ್ಪ ಗಟ್ಟಿಯಾಗಿ.