ರಜೆಯಲ್ಲಿ ಹತ್ತಿದ ಬಸ್ಸುಗಳು

ಆರು ವರ್ಷ ನಾನು ಎರಡು ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಸೋಮ, ಬುಧ, ಶುಕ್ರ ಬಂಟ್ವಾಳ. ಮಂಗಳ, ಗುರು, ಶನಿ ಮೂಡುಬಿದಿರೆ. ಮನೆ ಗುರುವಾಯನಕೆರೆಯಲ್ಲಿ, ಎರಡೂ ಊರಿಗೆ ಬಸ್ಸು ಸಿಗುವ ಜಾಗದಲ್ಲಿ. ಅತಿಥಿ ಎಂದ ಮಾತ್ರಕ್ಕೆ ಯಾರೂ ಬೆಲ್ಲ ನೀರು ಕೊಟ್ಟು ಉಪಚರಿಸುವುದಿಲ್ಲ. ಸ್ಟಾಫ್ ರೂಮಿನಲ್ಲಿ ಕುರ್ಚಿ ಸಿಗುವುದೂ ಬಸ್ಸಿನಲ್ಲಿ ಸೀಟು ಸಿಗುವುದೂ ಒಂದೇ ಬಗೆಯ ಅದೃಷ್ಟ.

ಋತುಗಳು ನನಗೆ ಗೊತ್ತಾಗುವುದು ಬಸ್ಸಿನಲ್ಲೇ. ಜೂನ್ ಬಂತೆಂದರೆ ಪಕ್ಕದವರ ಕೊಡೆಯ ನೀರು ನನ್ನ ಚಪ್ಪಲಿಯೊಳಗೆ. ಡಿಸೆಂಬರಿನಲ್ಲಿ ರಸ್ತೆ ಅಗಲ ಮಾಡುವವರ ಕೆಂಪು ಧೂಳು ತಲೆಯ ಮೇಲೆ. ತರಗತಿಗೆ ಹೋದಾಗ ಮಕ್ಕಳು ತಲೆಗೆ ಮೆಹಂದಿ ಹಾಕಿದ್ದೀರಾ ಎಂದು ಕೇಳಿದ್ದುಂಟು. ಏಪ್ರಿಲಿನಲ್ಲಿ ಮದುವೆಗೆ ಹೊರಟ ರೇಷ್ಮೆ ಸೀರೆಗಳ ನಡುವೆ ನಿಂತು, ಮುಡಿದ ಮಲ್ಲಿಗೆ ಮೂಗಿಗೇ ತಾಗಿ ಸೀನುತ್ತಾ ಹೋಗಬೇಕು.

ದಿನಾ ಬಸ್ಸನ್ನು ಬೈಯುತ್ತಿದ್ದೆ. ಆದರೂ ಆರನೆಯ ವರ್ಷ ಮೇ ತಿಂಗಳ ರಜೆ ಸಿಕ್ಕಾಗ ಮನೆಯಲ್ಲಿ ಕೂತಿರಲಾಗಲಿಲ್ಲ. ಮೊದಲ ದಿನ ಅಡುಗೆಮನೆಯ ಡಬ್ಬಗಳನ್ನೆಲ್ಲ ತೊಳೆದೆ. ಎರಡನೆಯ ದಿನ ಮಂಚದ ದಿಕ್ಕು ಬದಲಿಸಿದೆ. ಮೂರನೆಯ ದಿನ ಮತ್ತೆ ಮೊದಲಿನ ದಿಕ್ಕಿಗೇ ತಂದೆ. ಬೆಳಗ್ಗೆ ಏಳೂಮುಕ್ಕಾಲಕ್ಕೆ ಪೇಟೆಯ ಕಡೆಯಿಂದ ಬಸ್ಸಿನ ಹಾರನ್ ಕೇಳಿದರೆ ಕೈಯ ಸಟ್ಟುಗ ಕೆಳಗಿಟ್ಟು ಅಂಗಳಕ್ಕೆ ಬರುತ್ತಿದ್ದೆ.

"ನಿನ್ನ ಕಾಲಿನಲ್ಲಿ ಚಕ್ರ ಉಂಟು ಮಾರಾಯ್ತಿ," ಎಂದು ಗಂಡ ನಕ್ಕು ತಮ್ಮ ಅಂಗಡಿಗೆ ಹೋದರು.

ನಾಲ್ಕನೆಯ ದಿನ ಸುಳ್ಳು ಹೇಳಿದೆ. ಉತ್ತರ ಪತ್ರಿಕೆಗಳ ಮೌಲ್ಯಮಾಪನಕ್ಕೆ ಹೋಗಬೇಕು ಎಂದು ಬ್ಯಾಗು ಹೆಗಲಿಗೇರಿಸಿ ಹೊರಟೆ. ಬಂಟ್ವಾಳದಲ್ಲಿ ಇಳಿದು, ಒಂದು ಪ್ಲೇಟು ಗೋಳಿಬಜೆ ತಿಂದು, ಅದೇ ಬಸ್ಸಿನಲ್ಲಿ ವಾಪಸ್ಸಾದೆ. ಮರುದಿನ ಕಕ್ಕಿಂಜೆಯವರೆಗೆ ಹೋಗಿ, ಘಾಟಿಯ ಮೇಲೆ ಕಟ್ಟಿದ ಮೋಡವನ್ನು ಚಹಾ ಕುಡಿಯುತ್ತಾ ನೋಡಿ ಬಂದೆ. ಅದರ ಮರುದಿನ ಮೂಡುಬಿದಿರೆಗೆ ಹೋಗಿ ಎಣ್ಣೆಯಲ್ಲಿ ಕರಿದ ಎರಡು ಬನ್ಸ್ ತಿಂದೆ. ಏನೂ ಕೆಲಸವಿಲ್ಲದೆ ಬಸ್ಸಿನಲ್ಲಿ ಕೂತಾಗ ಮಾತ್ರ ಮೈಮನಸ್ಸು ಒಂದು ಕಡೆ ನಿಲ್ಲುತ್ತಿತ್ತು.

ಆ ಸಂಜೆ ನನ್ನ ಗಂಡನ ತಾಯಿ ನನ್ನನ್ನು ಅಡುಗೆಮನೆಗೆ ಕರೆದರು. ಅತ್ತೆಯನ್ನು ನಮ್ಮ ತುಳುವಿನಲ್ಲಿ ಮಾಮಿ ಎನ್ನುತ್ತೇವೆ. ಎಪ್ಪತ್ತು ದಾಟಿದ ಹೆಂಗಸು; ಮೊಣಕಾಲು ನೋವಿನಿಂದಾಗಿ ಎರಡು ವರ್ಷಗಳಿಂದ ಮಗನ ಕಾರು ಬಿಟ್ಟು ಬೇರೆ ವಾಹನ ಹತ್ತಿದವರಲ್ಲ.

"ಪೇಪರು ತಿದ್ದಲಿಕ್ಕೆ ಹೋದವಳ ಸೀರೆಯಲ್ಲಿ ಶಾಯಿ ಇಲ್ಲ, ಬನ್ಸಿನ ಎಣ್ಣೆ ಉಂಟು," ಎಂದರು.

ನಾನು ಸೆರಗು ನೋಡಿಕೊಂಡೆ. ಐದೂ ಬೆರಳಿನ ಗುರುತುಗಳಿದ್ದವು. ಎಲ್ಲವನ್ನೂ ಒಪ್ಪಿಕೊಂಡೆ. ಬೈಗುಳಕ್ಕೆ ಕಾದು ನಿಂತರೆ ಮಾಮಿ ದನಿ ತಗ್ಗಿಸಿದರು.

"ನಾಳೆ ನಾನೂ ಬರ್ತೇನೆ. ಕಾರಿನಲ್ಲಿ ಕೂತರೆ ಡಬ್ಬಿಯೊಳಗೆ ಹಾಕಿಟ್ಟ ಹಾಗೆ ಆಗ್ತದೆ. ಅವನು ಗಾಜು ಏರಿಸ್ತಾನೆ, ಎಸಿ ಹಾಕ್ತಾನೆ. ಊರಿನ ಗಾಳಿ ಮೂಗಿಗೆ ತಾಗುವುದೇ ಇಲ್ಲ."

"ಮಾಮಿ, ನಿಮ್ಮ ಕಾಲು?"

"ಕಾಲು ನನ್ನದಲ್ಲವಾ? ನಾನು ಹೇಳಿದ ಹಾಗೆ ಕೇಳ್ತದೆ."

ಮರುದಿನ ಮಗ ಅಂಗಡಿಗೆ ಹೋದ ಹತ್ತೇ ನಿಮಿಷದಲ್ಲಿ ಮಾಮಿ ಸಿದ್ಧ. ಮೂಡುಬಿದಿರೆಯ ಬಸ್ಸಿನ ಮೆಟ್ಟಿಲು ಎತ್ತರ. ಕಂಡಕ್ಟರ್ ಕೈಹಿಡಿದು ಎಳೆದ, ನಾನು ಹಿಂದಿನಿಂದ ತಳ್ಳಿದೆ. ಹತ್ತಿದವರೇ ಕಿಟಕಿಯ ಸೀಟು ಹಿಡಿದು, ಕಾಣುವ ಮನೆ ತೋಟಗಳಿಗೆಲ್ಲ ತಮ್ಮ ಅಭಿಪ್ರಾಯ ಹೇಳತೊಡಗಿದರು. ಈ ಮನೆಯ ಬಣ್ಣ ಚೆಂದ ಇಲ್ಲ. ಆ ಬಾಳೆಗೆ ನೀರು ಸಾಲದು.

ವೇಣೂರಿನಲ್ಲಿ ಬ್ಯಾರಿ ಮುದುಕಿಯೊಬ್ಬರು ದೊಡ್ಡ ಹಲಸಿನ ಹಣ್ಣಿನೊಂದಿಗೆ ಹತ್ತಿ, ಅದನ್ನು ಮಾಮಿಯ ಕಾಲ ಬುಡದಲ್ಲೇ ಇಟ್ಟು ನಮ್ಮ ಸೀಟಿನ ಅಂಚಿನಲ್ಲಿ ಕೂತರು.

"ನನ್ನ ಕಾಲು ಎಲ್ಲಿ ಇಡುವುದು?" ಎಂದರು ಮಾಮಿ.

"ಸ್ವಲ್ಪ ಹೊಂದಿಸಿಕೊಳ್ಳಿ ಅಕ್ಕ. ಮಗಳು ಬಸುರಿ, ಹಲಸು ಬೇಕೆಂದು ಹಟ ಹಿಡಿದಿದ್ದಾಳೆ. ಬಕ್ಕೆ ಹಣ್ಣು, ಜೇನಿನ ಹಾಗೆ ಉಂಟು."

ಮಾಮಿ ಬಗ್ಗಿ ಹಣ್ಣಿಗೆ ಬೆರಳಿನಿಂದ ತಟ್ಟಿದರು. "ಇದು ಬಕ್ಕೆ ಅಲ್ಲ. ತುಳುವೆ."

ಹಲಸಿನಲ್ಲಿ ಎಲ್ಲರೂ ಮೆಚ್ಚುವುದು ಬಕ್ಕೆಯನ್ನು, ಅದರ ತೊಳೆ ಗಟ್ಟಿ. ತುಳುವೆಯದು ಬಾಯಲ್ಲಿಟ್ಟರೆ ಜಾರುವಷ್ಟು ಮೆತ್ತಗೆ. ತಮ್ಮ ಮರದ ಹಣ್ಣನ್ನು ತುಳುವೆ ಎಂದದ್ದನ್ನು ಮುದುಕಿಗೆ ಸಹಿಸಲಾಗಲಿಲ್ಲ. "ನಲವತ್ತು ವರ್ಷದಿಂದ ಆ ಮರದ ಹಣ್ಣು ತಿಂತಿದ್ದೇನೆ ನಾನು!" "ಐವತ್ತು ವರ್ಷದಿಂದ ಹಲಸಿಗೆ ತಟ್ಟುತ್ತಿದ್ದೇನೆ ನಾನು!" ಮುಂದಿನ ಸೀಟಿನವರು ತಿರುಗಿ ಕೂತು ಕೇಳತೊಡಗಿದರು. ನಾನು ಕಿಟಕಿಯಿಂದ ಹೊರಗೆ ನೋಡುವ ಹಾಗೆ ನಟಿಸಿದೆ.

ಅಷ್ಟರಲ್ಲಿ ಆಕಾಶ ಕಪ್ಪಾಯಿತು. ಗಾಳಿ ಎದ್ದು, ಮಳೆ ಒಮ್ಮೆಲೇ ಸುರಿಯಿತು. ಕಿಟಕಿಯ ಶಟರು ಅರ್ಧಕ್ಕೇ ಸಿಕ್ಕಿಕೊಂಡಿತು. ನಾನು ಎದ್ದು ಅದನ್ನು ಎಳೆಯುತ್ತಿರುವಾಗ ಡ್ರೈವರ್ ಜೋರಾಗಿ ಬ್ರೇಕ್ ಹಾಕಿದ. ರಸ್ತೆಗಡ್ಡವಾಗಿ ಮರ ಬಿದ್ದಿತ್ತು. ಹಲಸಿನ ಹಣ್ಣು ಉರುಳುತ್ತಾ ಹೋಗಿ ಡ್ರೈವರನ ಗೇರ್ ಪಕ್ಕದ ಕಬ್ಬಿಣಕ್ಕೆ ಬಡಿದು ಬಾಯಿಬಿಟ್ಟಿತು.

ಬಸ್ಸಿಡೀ ಪರಿಮಳ. ಮುದುಕಿ "ಯಾ ಅಲ್ಲಾ, ನನ್ನ ಮಗಳ ಹಣ್ಣು!" ಎಂದು ಎದೆ ಹಿಡಿದುಕೊಂಡರು. ಎಲ್ಲರಿಗಿಂತ ಮೊದಲು ಎದ್ದವರು ಮಾಮಿ. ಸೀಟುಗಳನ್ನು ಹಿಡಿದುಕೊಂಡು ಮುಂದೆ ಹೋಗಿ, ಬಿರುಕಿನೊಳಗೆ ಬೆರಳು ಹಾಕಿ ನೋಡಿದರು.

"ಬಕ್ಕೆಯೇ," ಎಂದರು. ಇಷ್ಟು ವರ್ಷಗಳಲ್ಲಿ ಮಾಮಿ ಸೋಲು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು. "ಬೇಜಾರು ಮಾಡ್ಬೇಡಿ. ಅರ್ಧಕ್ಕೆ ಏನೂ ಆಗಲಿಲ್ಲ. ಅದನ್ನು ಮಗಳಿಗೆ ಕಟ್ಟಿಕೊಡುವ. ಒಡೆದ ಅರ್ಧ ನಾಳೆಗೆ ಉಳಿಯುವುದಿಲ್ಲ, ಏನು ಮಾಡುವ ಹೇಳಿ."

ಆಕೆ ಕಣ್ಣೊರೆಸಿಕೊಂಡು ಬಸ್ಸಿನವರನ್ನೆಲ್ಲ ಒಮ್ಮೆ ನೋಡಿದರು. "ಎಲ್ಲರೂ ತಿನ್ನಿ. ಅವಳ ಹೊಟ್ಟೆ ತಂಪಾಗಿರಲಿ ಅಂತ ಹರಸಿ ತಿನ್ನಿ."

ಕಂಡಕ್ಟರ್ ಮಳೆಯಲ್ಲೇ ಓಡಿ ಹತ್ತಿರದ ಮನೆಯಿಂದ ಕತ್ತಿ, ತೆಂಗಿನೆಣ್ಣೆ, ಬಾಳೆಲೆ ತಂದ. ಇಬ್ಬರು ಮುದುಕಿಯರೂ ಕೈಗೆ ಎಣ್ಣೆ ಸವರಿಕೊಂಡು ಅಕ್ಕಪಕ್ಕ ಕೂತು ತೊಳೆ ಬಿಡಿಸಿದರು. ಊರಿನವರು ಮರ ಕಡಿದು ದಾರಿ ಬಿಡಿಸುವುದಕ್ಕೆ ಒಂದೂವರೆ ಗಂಟೆ ಹಿಡಿಯಿತು. ಅಷ್ಟರಲ್ಲಿ ಮಾಮಿ ಹನ್ನೊಂದು ತೊಳೆ ತಿಂದರು. ತುಳುವೆ ಎಂದದ್ದಕ್ಕೆ ಪ್ರಾಯಶ್ಚಿತ್ತ ಎಂದರು.

ಮನೆ ಮುಟ್ಟುವಾಗ ಗಂಡ ಜಗಲಿಯಲ್ಲಿ ಕಾಯುತ್ತಿದ್ದರು. ಒದ್ದೆಯಾಗಿ, ಕುಂಟುತ್ತಾ ಬಂದ ತಾಯಿಯನ್ನು ನೋಡಿ ನನ್ನ ಕಡೆ ತಿರುಗಿದರು. "ನಿನಗಾದರೂ ಬುದ್ಧಿ ಬೇಡವಾ?" ಮಾಮಿಯ ಮೊಣಕಾಲು ಊದಿ, ಎರಡು ದಿನ ಅವರು ಮಲಗಿದಲ್ಲೇ. ಬಿಸಿನೀರಿನ ಶಾಖ ಕೊಡುತ್ತಾ ನಾನು ಅಪರಾಧಿಯ ಹಾಗೆ ಪಕ್ಕದಲ್ಲಿ ಕೂತೆ. ಅವರಿಗೂ ನಿದ್ದೆಯಿಲ್ಲ, ನನಗೂ ಕೂತಲ್ಲಿ ಕೂರಲಾಗುವುದಿಲ್ಲ. ಹಾರನ್ ಕೇಳಿದರೆ ಇಬ್ಬರೂ ಒಟ್ಟಿಗೇ ಬಾಗಿಲಿನ ಕಡೆ ನೋಡುತ್ತಿದ್ದೆವು.

ಜೂನಿನಲ್ಲಿ ಕಾಲೇಜು ತೆರೆದಾಗ ಬಂಟ್ವಾಳದವರು ಈ ವರ್ಷ ನನಗೆ ತರಗತಿಗಳಿಲ್ಲ ಎಂದು ಫೋನಿನಲ್ಲೇ ತಿಳಿಸಿದರು. ಆರು ವರ್ಷ ಹೋಗಿ ಬಂದ ದಾರಿ ಒಂದೇ ಮಾತಿಗೆ ಮುಗಿಯಿತು. ಅಂದು ಊಟ ಸೇರಲಿಲ್ಲ. ವಾರಕ್ಕೆ ಮೂರು ದಿನ ಮನೆಯಲ್ಲಿ ಏನು ಮಾಡುವುದೆಂದು ಹಿತ್ತಿಲಿನಲ್ಲಿ ಅತ್ತಿತ್ತ ನಡೆಯುತ್ತಿದ್ದೆ.

ಮಾಮಿ ಕಿಟಕಿಯಿಂದಲೇ ಕೂಗಿದರು. "ಸೋಮವಾರ ಪೊಳಲಿಗೆ ಹೋಗುವ. ದೇವರ ಹೆಸರು ಹೇಳಿದರೆ ನನ್ನ ಮಗ ಬೇಡ ಅನ್ನುವುದಿಲ್ಲ."

ಸೋಮವಾರ ಹೋದೆವು. ಎರಡು ಬಸ್ಸು ಬದಲಿಸಿ, ದಾರಿಯಲ್ಲಿ ಉಪ್ಪಿಟ್ಟಿಗೆ ಅವಲಕ್ಕಿ ಬೆರೆಸಿದ ಸಜ್ಜಿಗೆ ಬಜಿಲ್ ತಿಂದು, ಕೊಡೆಯಡಿ ನಿಧಾನವಾಗಿ ನಡೆದು ದೇವಸ್ಥಾನ ಮುಟ್ಟಿದೆವು. ಮಾಮಿ ಕಣ್ಣುಮುಚ್ಚಿ ಕೈಮುಗಿದರು, ಪ್ರಸಾದ ತೆಗೆದುಕೊಂಡರು, ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಮೊಣಕಾಲು ನೀವಿಕೊಂಡರು. ಎರಡು ನಿಮಿಷವೂ ಕೂತಿರಲಿಲ್ಲ.

"ಇಲ್ಲಿಂದ ಆಚೆ ಕಡೆಗೆ ಯಾವ ಬಸ್ಸು ಉಂಟು, ಕೇಳಿ ಬಾ," ಎಂದರು.